ಬಾವಂಚಿಯ ಬೀಜವೂ ಬಿಸಿಲೂ

ಸೂರ್ಯನ ಬೆಳಕು ಜೀವಕ್ಕೆ ಆಧಾರವೆಂಬುದನ್ನು ನಮ್ಮ ಜನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅದೇ ಬೆಳಕು ಮಿತಿಮೀರಿದರೆ ಮೈ ಕಂದುವುದೆಂಬುದೂ ತೊಗಲು ಸುಲಿಯುವುದೆಂಬುದೂ ಬಯಲಿನಲ್ಲಿ ದುಡಿಯುವವರಿಗೆಲ್ಲ ತಿಳಿದ ಸಂಗತಿಯೇ. ಆದರೆ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವುಂಟು. ಕತ್ತಲಲ್ಲಿ ಮೈಗೆ ಹಚ್ಚಿಕೊಂಡರೆ ಏನನ್ನೂ ಮಾಡದ ಒಂದು ಪದಾರ್ಥ. ಬರಿಯ ಮೈಯಿಂದ ತಾಳಿಕೊಳ್ಳಬಹುದಾದಷ್ಟು ಎಳೆಯ ಬಿಸಿಲು. ಇವೆರಡೂ ಬೇರೆಬೇರೆಯಾಗಿದ್ದಾಗ ನಿರಪಾಯವಾಗಿದ್ದು, ಒಂದೇ ಚರ್ಮದ ಮೇಲೆ ಕೂಡಿದಾಗ ಬೆಂಕಿಯಂತೆ ಸುಡುವುದುಂಟು. ರಸವಸ್ತುವೂ ಬೆಳಕೂ ಹೀಗೆ ಕೂಡಿ ಚರ್ಮದ ಜೀವಕೋಶಗಳನ್ನು ಕೆಡಿಸುವ ಬಗೆಯನ್ನು ಮನುಷ್ಯನು ಅರಿತುಕೊಳ್ಳಲು ಸಾವಿರಾರು ವರ್ಷಗಳೇ ಬೇಕಾದುವು. ಆ ಅರಿವಿನ ಚರಿತ್ರೆಯಲ್ಲಿ ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುವ ಒಂದು ಕರಿಯ ಬೀಜಕ್ಕೆ ದೊಡ್ಡ ಪಾತ್ರವಿದೆ. ಅದು ಬಾವಂಚಿಯ ಬೀಜ. ಸಂಸ್ಕೃತದಲ್ಲಿ ಬಾಕುಚೀ, ಸೋಮರಾಜೀ, ಅವಲ್ಗುಜ ಎಂಬ ಹೆಸರುಗಳು ಇದಕ್ಕಿವೆ.

ಈ ಬೀಜವನ್ನು ಜನರು ಹುಡುಕಿಕೊಂಡು ಹೋದುದು ತೊನ್ನಿನ ಕಾರಣದಿಂದ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಲ್ಲಲ್ಲಿ ನಾಶವಾಗಿ ಬಿಳಿಯ ಮಚ್ಚೆಗಳು ಕಾಣಿಸಿಕೊಳ್ಳುವುದೇ ತೊನ್ನು. ಅದು ಮುಟ್ಟಿದರೆ ಹರಡುವುದಿಲ್ಲ, ನೋಯುವುದಿಲ್ಲ, ಆಯುಸ್ಸನ್ನು ಕುಂದಿಸುವುದಿಲ್ಲ. ಆದರೂ ಅದರಿಂದ ಜನರು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಬಿಳಿಯ ಕುಷ್ಠವೆಂದು ಅದಕ್ಕೆ ಹೆಸರಿಟ್ಟು, ಅದಕ್ಕೆ ಸಂಬಂಧವೇ ಇಲ್ಲದ ಬೇರೊಂದು ರೋಗದ ಭಯವನ್ನೆಲ್ಲ ಅದರ ಮೇಲೆ ಹೊರಿಸಿದುದರಿಂದ, ಮದುವೆಗಳು ಮುರಿದುವು, ಮನೆಯವರೇ ದೂರವಿಟ್ಟರು. ನಮ್ಮ ಕಪ್ಪು ಚರ್ಮದ ಮೇಲೆ ಆ ಬಿಳುಪು ಎದ್ದು ಕಾಣುವುದರಿಂದ ಈ ದುಃಖವು ನಮ್ಮ ದೇಶದಲ್ಲಿ ಇನ್ನೂ ಹೆಚ್ಚು. ಇಂಥ ಕಳಂಕದಿಂದ ಪಾರಾಗಲು ಮನುಷ್ಯನು ಎಷ್ಟು ಉರಿಯನ್ನಾದರೂ ಸಹಿಸಿಕೊಂಡಾನು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡಲ್ಲದೆ ಮುಂದಿನ ಚರಿತ್ರೆಯು ನಮಗೆ ಸರಿಯಾಗಿ ಅರ್ಥವಾಗುವುದಿಲ್ಲ.

ಅಥರ್ವವೇದದ ಮೊದಲನೆಯ ಕಾಂಡದಲ್ಲಿಯೇ ತೊನ್ನನ್ನು ಹೋಗಲಾಡಿಸುವ ಎರಡು ಸೂಕ್ತಗಳಿವೆ. ಅವುಗಳಲ್ಲಿ ಋಷಿಯು ರಾತ್ರಿಯಲ್ಲಿ ಹುಟ್ಟಿದ ಕಪ್ಪು ಮೂಲಿಕೆಯೊಂದನ್ನು ಕರೆದು, ತನ್ನ ಬಣ್ಣವನ್ನು ರೋಗಿಯ ಮೈಗೆ ಕೊಡೆಂದು ಬೇಡುತ್ತಾನೆ. ಕಪ್ಪು ವಸ್ತುವಿನಿಂದ ಕಪ್ಪು ಬಣ್ಣವು ಬರುವುದೆಂಬುದು ಅಲ್ಲಿನ ಭಾವನೆ. ಸೂರ್ಯನ ಪ್ರಸ್ತಾಪವು ಅಲ್ಲಿಲ್ಲ. ಚರಕಸಂಹಿತೆಯ ಕಾಲಕ್ಕೆ ಬಂದರೆ ಸ್ಥಿತಿಯು ಬದಲಾಗಿರುವುದನ್ನು ಕಾಣುತ್ತೇವೆ. ಅದರ ಚಿಕಿತ್ಸಾಸ್ಥಾನದಲ್ಲಿ ಶ್ವಿತ್ರಕ್ಕೆ, ಎಂದರೆ ತೊನ್ನಿಗೆ, ಹೇಳಿರುವ ಕ್ರಮವು ಹೀಗಿದೆ: ಅತ್ತಿಯ ಜಾತಿಗೆ ಸೇರಿದ ಒಂದು ಕಾಡುಮರದ ರಸವನ್ನು ಬೆಲ್ಲದೊಡನೆ ಕುಡಿಸಿ, ಮೈಗೆ ಸ್ನೇಹದ್ರವ್ಯವನ್ನು ಸವರಿ, ರೋಗಿಯನ್ನು ಬಿಸಿಲಿನಲ್ಲಿ ಇರಿಸಬೇಕು; ಬಾಯಾರಿದರೆ ಮೂರು ದಿನ ಗಂಜಿಯನ್ನು ಕೊಡಬೇಕು; ಮಚ್ಚೆಗಳ ಮೇಲೆ ಬೊಬ್ಬೆಗಳೆದ್ದರೆ ಮುಳ್ಳಿನಿಂದ ಚುಚ್ಚಿ ನೀರನ್ನು ತೆಗೆಯಬೇಕು. ಬಾವಂಚಿಯ ಬೀಜದ ಲೇಪವೂ ಆಯುರ್ವೇದ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಲ್ಲಿ ನಮ್ಮ ಗಮನವನ್ನು ಸೆಳೆಯತಕ್ಕ ಅಂಶಗಳು ಎರಡು. ಔಷಧಿಯನ್ನೂ ಬಿಸಿಲನ್ನೂ ಆ ವೈದ್ಯರು ಒಂದೇ ಚಿಕಿತ್ಸೆಯ ಎರಡು ಅಂಗಗಳೆಂದು ಕಂಡುಕೊಂಡಿದ್ದರೆಂಬುದು ಒಂದು. ಬಿಸಿಲನ್ನು ರೋಗಿಯ ಬಲಕ್ಕೆ ತಕ್ಕಷ್ಟೇ ಕೊಡಬೇಕೆಂದು ಅವರು ವಿಧಿಸಿದ್ದರೆಂಬುದು ಇನ್ನೊಂದು. ಬೊಬ್ಬೆಯು ಏಳುವುದೆಂಬುದನ್ನು ಅವರು ಬಲ್ಲರು; ಅದನ್ನು ಚಿಕಿತ್ಸೆಯ ಒಂದು ಹಂತವೆಂದೇ ಭಾವಿಸಿದ್ದರು. ಅಂಜೂರದ ಹಾಲಿನಲ್ಲಿಯೂ ಬಾವಂಚಿಯ ಬೀಜದಲ್ಲಿಯೂ ಒಂದೇ ರಸವಸ್ತುವಿರುವುದನ್ನು ಇಂದಿನ ರಸಾಯನಶಾಸ್ತ್ರವು ತೋರಿಸಿಕೊಟ್ಟಿರುವುದರಿಂದ, ಅತ್ತಿಯ ಕುಲದ ಮರವನ್ನು ಈ ರೋಗಕ್ಕೆ ಆರಿಸಿದುದು ಬರಿಯ ಆಕಸ್ಮಿಕವೆಂದು ತೋರುವುದಿಲ್ಲ.

ಇದೇ ಅರಿವು ಬೇರೊಂದು ದಾರಿಯಿಂದ ಪಶ್ಚಿಮದಲ್ಲಿಯೂ ಮೂಡಿತು. ನೈಲ್ ನದಿಯ ಬಯಲಿನಲ್ಲಿ ಅಮ್ಮಿ ಮಾಜಸ್ ಎಂಬ ಗಿಡವು ಬೆಳೆಯುತ್ತದೆ. ನಮ್ಮ ಕೊತ್ತಂಬರಿ, ಓಮಗಳ ಕುಲಕ್ಕೆ ಸೇರಿದುದು. ಸ್ಪೇನಿನ ಮಾಲಗದಲ್ಲಿ ಹುಟ್ಟಿ 1248ರಲ್ಲಿ ಡಮಾಸ್ಕಸ್ಸಿನಲ್ಲಿ ತೀರಿಕೊಂಡ ಇಬ್ನ್ ಅಲ್ ಬೈತಾರನೆಂಬ ಅರಬ್ಬೀ ಸಸ್ಯಪಂಡಿತನು ತನ್ನ ಔಷಧಿಕೋಶದಲ್ಲಿ ಇದರ ವಿಷಯವನ್ನು ಬರೆದಿದ್ದಾನೆ. ಉತ್ತರ ಆಫ್ರಿಕದ ಬರ್ಬರ್ ಜನಾಂಗದ ಒಂದು ಪಂಗಡದವರು ಈ ಬೀಜದ ಗುಟ್ಟನ್ನು ಬಹುಕಾಲ ಹೊರಗೆ ಬಿಟ್ಟಿರಲಿಲ್ಲವಂತೆ. ಬೀಜದ ಪುಡಿಯನ್ನು ತಿಂದ ರೋಗಿಯು ಒಂದೆರಡು ಗಂಟೆಗಳ ಕಾಲ ಬೆವರುವಂತೆ ಬಿಸಿಲಿನಲ್ಲಿ ಕೂರಬೇಕೆಂಬುದು ಅಲ್ಲಿಯ ಕ್ರಮ. ಭಾರತದಲ್ಲೊಂದು ಗಿಡ, ಆಫ್ರಿಕದಲ್ಲೊಂದು ಗಿಡ; ಕುಲ ಬೇರೆ, ನಾಡು ಬೇರೆ; ರೋಗ ಒಂದೇ, ಬಿಸಿಲು ಒಂದೇ.

ಹೀಗಿದ್ದರೂ ಬೆಳಕೆಂಬುದು ಚರ್ಮದಲ್ಲಿ ಏನನ್ನು ಮಾಡುತ್ತದೆಂಬ ಪ್ರಶ್ನೆಗೆ ಉತ್ತರವು ಬಹಳ ಕಾಲದವರೆಗೆ ದೊರೆಯಲಿಲ್ಲ. ಬಿಸಿಲಿನ ಶಾಖವೇ ಸುಡುವುದೆಂದು ಎಲ್ಲರೂ ನಂಬಿದ್ದರು. ಜರ್ಮನಿಯ ಯೋಹಾನ್ ರಿಟರನು 1801ರಲ್ಲಿ, ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ ಬೆಳ್ಳಿಯ ಲವಣವು ಬೇಗನೆ ಕಪ್ಪಾಗುವುದನ್ನು ಕಂಡನು. ಅತಿನೇರಳೆ ಕಿರಣಗಳೆಂದು ನಾವೀಗ ಹೇಳುವುದು ಇವನ್ನೇ. ಚರ್ಮವನ್ನು ಕಂದಿಸುವುದು ಸೂರ್ಯನ ಬಿಸಿಯಲ್ಲ, ಕಾಣದ ಈ ಕಿರಣಗಳು ಎಂಬುದು ಹತ್ತೊಂಬತ್ತನೆಯ ಶತಮಾನವು ಮುಗಿಯುವ ವೇಳೆಗೆ ಸ್ಥಿರಪಟ್ಟಿತು.

ಅದೇ ಕಾಲಕ್ಕೆ ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವೈದ್ಯವಿದ್ಯಾರ್ಥಿಯು ತನ್ನ ಗುರುವಾದ ಟಾಪೈನರನ ಪ್ರಯೋಗಶಾಲೆಯಲ್ಲಿ, ಅಕ್ರಿಡೀನ್ ಎಂಬ ಬಣ್ಣದ ವಸ್ತುವು ನೀರಿನ ಸೂಕ್ಷ್ಮಜೀವಿಗಳಿಗೆ ಎಷ್ಟು ವಿಷವೆಂಬುದನ್ನು ಅಳೆಯುತ್ತಿದ್ದನು. ಒಂದೇ ಪ್ರಮಾಣದ ವಸ್ತುವು ಒಂದು ದಿನ ಅವುಗಳನ್ನು ಬೇಗ ಕೊಂದಿತು. ಇನ್ನೊಂದು ದಿನ ಹಾಗಾಗಲಿಲ್ಲ. ಆ ದಿನಗಳ ಬೆಳಕಿನಲ್ಲಿದ್ದ ವ್ಯತ್ಯಾಸವೇ ಇದಕ್ಕೆ ಕಾರಣವೆಂದು ಅವನು ಊಹಿಸಿ, ಪರೀಕ್ಷಿಸಿ, 1900ರಲ್ಲಿ ಪ್ರಕಟಿಸಿದನು. ಕತ್ತಲಲ್ಲಿ ಸಾಧುವಾದ ವಸ್ತುವು ಬೆಳಕಿನಲ್ಲಿ ಘಾತುಕವಾಗಬಲ್ಲುದೆಂಬುದಕ್ಕೆ ಇದು ಮೊದಲ ಸ್ಪಷ್ಟ ಪ್ರಮಾಣ. 1912ರಲ್ಲಿ ಮೇಯರ್ ಬೆಟ್ಸ್ ಎಂಬ ಜರ್ಮನ್ ವೈದ್ಯನು ರಕ್ತದಿಂದ ತೆಗೆದ ಇಂಥದೇ ಒಂದು ವಸ್ತುವನ್ನು ತನ್ನ ಮೈಗೇ ಚುಚ್ಚಿಸಿಕೊಂಡು ಬಿಸಿಲಿಗೆ ಹೋದನು. ಅವನ ಮುಖವೂ ಕೈಗಳೂ ಗುರುತು ಸಿಗದಂತೆ ಊದಿಕೊಂಡುವು. ಬೆಳಕನ್ನು ಸಹಿಸಲಾರದ ಆ ಸ್ಥಿತಿಯು ಅನೇಕ ವಾರಗಳವರೆಗೆ ಉಳಿಯಿತು.

ಪ್ರಯೋಗಶಾಲೆಯ ಈ ಸತ್ಯವು ಬೀದಿಯಲ್ಲಿಯೂ ತೋಟದಲ್ಲಿಯೂ ಕಾಣಿಸಿಕೊಳ್ಳಲು ತಡವಾಗಲಿಲ್ಲ. ಕೊಲೋನ್ ನೀರೆಂಬ ಸುಗಂಧವನ್ನು ಹಚ್ಚಿಕೊಂಡು ಬಿಸಿಲಿನಲ್ಲಿ ತಿರುಗಾಡಿದವರ ಚರ್ಮದಲ್ಲಿ ಕಂದುಬಣ್ಣದ ಕಲೆಗಳು ಬೀಳುವುದನ್ನು 1916ರಲ್ಲಿ ಫ್ರಾಯಿಂಡ್ ಎಂಬ ವೈದ್ಯನು ವರ್ಣಿಸಿ, ಆ ಸುಗಂಧದಲ್ಲಿದ್ದ ಬರ್ಗಮಾಟ್ ಎಂಬ ಕಿತ್ತಳೆಜಾತಿಯ ಹಣ್ಣಿನ ತೈಲವೇ ಅದಕ್ಕೆ ಕಾರಣವೆಂದನು. ಕತ್ತಿನ ಮೇಲೆ ಸುಗಂಧದ ಹನಿಯು ಇಳಿದ ದಾರಿಯೇ ಪದಕದ ಆಕಾರದ ಕಲೆಯಾಗುತ್ತಿದ್ದಿತು. ವಿಯೆನ್ನಾದಲ್ಲಿ ಓಪನ್‌ಹೈಮನು, ಸ್ನಾನಮಾಡಿ ಒದ್ದೆ ಮೈಯಲ್ಲಿ ಹುಲ್ಲುಗಾವಲಿನ ಮೇಲೆ ಮಲಗಿದವರಿಗೆ ಗರಿಕೆಯ ಗೆರೆಗಳಂತೆಯೇ ಸಾಲುಸಾಲಾಗಿ ಬೊಬ್ಬೆಗಳೇಳುವುದನ್ನು ವರ್ಣಿಸಿದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಕುಸ್ಕೆ ಎಂಬಾತನು, ಇವೆಲ್ಲಕ್ಕೂ ಮೂಲವಾದುದು ಫ್ಯುರೋಕೂಮರಿನ್ ಎಂಬ ಒಂದೇ ಗುಂಪಿನ ರಸವಸ್ತುಗಳೆಂದು ತೋರಿಸಿಕೊಟ್ಟನು.

ಈ ಗುಂಪಿನ ಮೂಲರೂಪವೆನ್ನಬಹುದಾದ ವಸ್ತುವನ್ನು ಅದಾಗಲೇ ಕಂಡುಹಿಡಿದಿದ್ದವರು ನಮ್ಮವರು. ಅಂದಿನ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಕೆಲಸಮಾಡುತ್ತಿದ್ದ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ರಸಾಯನಶಾಸ್ತ್ರಜ್ಞರು ಬಾವಂಚಿಯ ಬೀಜಗಳನ್ನು ಶೋಧಿಸಿ, ಅವುಗಳ ಸಾರವನ್ನು ಹರಳುರೂಪದಲ್ಲಿ ಬೇರ್ಪಡಿಸಿ, ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ 1933ರಲ್ಲಿ ಪ್ರಕಟಿಸಿದರು. ಗಿಡದ ಲ್ಯಾಟಿನ್ ಹೆಸರಾದ ಸೊರಾಲಿಯಾದಿಂದ ಆ ವಸ್ತುವಿಗೆ ಸೊರಾಲೆನ್ ಎಂಬ ಹೆಸರು ಬಂದಿತು. 1936ರಲ್ಲಿ ಜೋಯಿಸ್ ಮತ್ತು ಮಂಜುನಾಥರು ವಿಯೆನ್ನಾದ ಪ್ರಸಿದ್ಧ ರಸಾಯನಜ್ಞ ಏರ್ನ್ಸ್ಟ್ ಷ್ಪೇಟ್ ಮೊದಲಾದವರೊಡನೆ ಸೇರಿ ಅದರ ಅಣುರಚನೆಯನ್ನು ನಿರ್ಣಯಿಸಿದರು. ಇಂದು ಜಗತ್ತಿನ ಯಾವ ಮೂಲೆಯ ವೈದ್ಯನಾದರೂ ಸೊರಾಲೆನ್ ಎಂದು ಉಚ್ಚರಿಸಿದಾಗ, ಆ ಮಾತಿನ ಹಿಂದೆ ಬೆಂಗಳೂರಿನ ಈ ಶೋಧನೆಯಿದೆ. ನಮ್ಮ ವಿದ್ಯಾವಂತರಲ್ಲಿ ಇದನ್ನು ತಿಳಿದವರು ಕಡಮೆ.

ಸಾರವು ಹರಳಾಗಿ ಕೈಗೆ ಬಂದ ಮೇಲೆ ಅದನ್ನು ತೂಗಿ ಕೊಡುವುದು ಸಾಧ್ಯವಾಯಿತು. ಕೈರೋ ನಗರದಲ್ಲಿ ಫಹ್ಮಿ ಮತ್ತು ಅಬು ಶಾದಿ ಎಂಬ ವಿದ್ವಾಂಸರು ಅಮ್ಮಿ ಮಾಜಸ್ಸಿನ ಬೀಜದಿಂದ ಸೊರಾಲೆನ್ನಿನ ಒಡಹುಟ್ಟಾದ ಮೆಥಾಕ್ಸಿಸೊರಾಲೆನ್ನನ್ನು ಬೇರ್ಪಡಿಸಿದರು; ಅದೇ ನಗರದ ವೈದ್ಯ ಎಲ್ ಮೊಫ್ಟಿಯು ಆ ಔಷಧಿಯನ್ನು ತೊನ್ನಿನ ರೋಗಿಗಳಿಗೆ ಕೊಟ್ಟು, ಬಿಸಿಲು ಕಾಯಿಸಿ, ಫಲಿತಾಂಶಗಳನ್ನು 1948ರಲ್ಲಿ ಪ್ರಕಟಿಸಿದನು. 1953ರಲ್ಲಿ ಅಮೆರಿಕದ ಲರ್ನರ್, ಡೆಂಟನ್, ಫಿಟ್ಸ್‌ಪ್ಯಾಟ್ರಿಕ್ ಎಂಬ ಮೂವರು ಇದನ್ನು ಪುನಃ ಪರೀಕ್ಷಿಸಿದರು. ಅನೇಕರ ಮಚ್ಚೆಗಳಲ್ಲಿ ಬಣ್ಣವು ಮರಳಿ ಚುಕ್ಕೆಚುಕ್ಕೆಯಾಗಿ ಮೂಡಿತು. ರೋಮಗಳ ಬುಡದಲ್ಲಿ ಉಳಿದಿದ್ದ ಬಣ್ಣದ ಕೋಶಗಳು ಎಚ್ಚೆತ್ತು ಮೇಲಕ್ಕೆ ಬಂದುದರ ಗುರುತು ಅದು. ಆದರೆ ಪ್ರಮಾಣವು ತುಸು ತಪ್ಪಿದರೂ ಬೊಬ್ಬೆಗಳು ತಪ್ಪುತ್ತಿರಲಿಲ್ಲ.

ಚರ್ಮದ ಕೋಶದೊಳಗೆ ನಡೆಯುವುದೇನೆಂಬುದನ್ನು ಈಗ ಸ್ವಲ್ಪ ನೋಡೋಣ. ಪ್ರತಿಯೊಂದು ಕೋಶದ ನಡುವೆಯೂ ಡಿಎನ್ಎ ಎಂಬ ಸೂತ್ರವಿದೆ. ಅದರ ರೂಪವನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ತಿಳಿಸಿದರು: ತಿರುಚಿದ ಏಣಿಯಂತಿದ್ದು, ಕೋಶವು ಇಬ್ಭಾಗವಾಗುವಾಗ ನಡುವೆ ಬಿಚ್ಚಿಕೊಳ್ಳುತ್ತದೆ. ಸೊರಾಲೆನ್ನಿನ ಅಣುವು ಚಪ್ಪಟೆಯಾದುದು. ಏಣಿಯ ಮೆಟ್ಟಿಲುಗಳ ಸಂದಿನಲ್ಲಿ ನುಸುಳಿ ಕೂರಬಲ್ಲುದು. ಕತ್ತಲಿದ್ದರೆ ಹಾಗೆಯೇ ಹೊರಬಂದು ಮೂತ್ರದಲ್ಲಿ ಕಳೆದುಹೋಗುತ್ತದೆ. 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಕಿರಣವು ಅದರ ಮೇಲೆ ಬಿದ್ದರೆ, ಅದು ಏಣಿಯ ಒಂದು ಕಡೆಯ ಥೈಮಿನ್ ಎಂಬ ಅಂಗಕ್ಕೆ ಬಿಗಿದುಕೊಳ್ಳುತ್ತದೆ. ಇನ್ನೊಂದು ಕಿರಣವು ತಾಕಿದರೆ ಎದುರು ಕಡೆಗೂ ಬಿಗಿದುಕೊಂಡು, ಏಣಿಯ ಎರಡು ಕಂಬಗಳಿಗೂ ಅಗಳಿ ಹಾಕಿದಂತಾಗುತ್ತದೆ. ಇಟಲಿಯ ಪಾದುವಾ ನಗರದಲ್ಲಿ ಮುಸಾಜೊ ಮತ್ತು ರೋಡಿಗಿಯೆರೊ ಎಂಬವರೂ ಅವರ ಸಂಗಡಿಗರೂ 1960ರ ದಶಕದಿಂದ ಮುಂದಕ್ಕೆ ಇದನ್ನು ವಿಶದಪಡಿಸಿದರು. ಅಗಳಿ ಬಿದ್ದ ಏಣಿಯು ಬಿಚ್ಚಿಕೊಳ್ಳಲಾರದು, ಆ ಕೋಶವು ಬೆಳೆಯಲಾರದು, ಬಹುಮಟ್ಟಿಗೆ ಸಾಯುತ್ತದೆ.

ಸಾಯದೆ ಉಳಿದ ಕೋಶಗಳ ಕಥೆಯು ಇನ್ನೂ ಮುಖ್ಯವಾದುದು. ಕೆಟ್ಟುಹೋದ ಭಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿಯು ಕೋಶಕ್ಕೆ ಉಂಟು. ಈ ಶಕ್ತಿಯು ಹುಟ್ಟಿನಿಂದಲೇ ಇಲ್ಲದ ಕೆಲವರಿಗೆ ಬರಿಯ ಬಿಸಿಲಿನಿಂದಲೇ ಚಿಕ್ಕಂದಿನಲ್ಲಿ ಚರ್ಮದ ಅರ್ಬುದಗಳಾಗುವುವೆಂಬುದನ್ನು 1968ರಲ್ಲಿ ಅಮೆರಿಕದ ಕ್ಲೀವರ್ ಎಂಬಾತನು ವಿವರಿಸಿದನು. ಆದರೆ ಈ ರಿಪೇರಿಯು ಎಲ್ಲ ಸಲವೂ ತಪ್ಪಿಲ್ಲದೆ ಆಗುವುದಿಲ್ಲ. ಒಂದೊಂದು ಸಲ ಒಂದೊಂದು ಅಕ್ಷರವು ತಪ್ಪಾಗಿ ಉಳಿದು, ಮಗಳು ಕೋಶಗಳಿಗೂ ಹರಿದು, ವರ್ಷಗಳು ಕಳೆದ ಮೇಲೆ ಕೋಶವು ಅಂಕೆಯನ್ನು ಮೀರಿ ಬೆಳೆಯತೊಡಗಬಹುದು. ಮಚ್ಚೆಯನ್ನು ಮುಚ್ಚುವ ಕ್ರಿಯೆಯೂ ಅರ್ಬುದವನ್ನು ಬಿತ್ತುವ ಕ್ರಿಯೆಯೂ ಬೇರೆಬೇರೆಯಲ್ಲ. ಔಷಧಿಯ ಗುಣವನ್ನು ಇಟ್ಟುಕೊಂಡು ದೋಷವನ್ನು ಮಾತ್ರ ಸೋಸಿ ತೆಗೆಯುವುದು ಇಲ್ಲಿ ಸಾಧ್ಯವಾಗಲಿಲ್ಲ.

ಇದು ಊಹೆಯಾಗಿ ಉಳಿಯದೆ ಲೆಕ್ಕವಾಗಿ ತೋರಿದುದು 1970ರ ದಶಕದಲ್ಲಿ. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಕೋಶಗಳು ಅತಿವೇಗವಾಗಿ ಬೆಳೆದು ಹೊಪ್ಪಳೆಗಟ್ಟುತ್ತವೆ. ಬೆಳೆಯುವ ಕೋಶವನ್ನು ತಡೆಯುವ ಔಷಧಿಯು ಅದಕ್ಕೆ ತಕ್ಕುದೆಂದು, 1974ರಲ್ಲಿ ಅಮೆರಿಕದ ಪ್ಯಾರಿಷ್, ಫಿಟ್ಸ್‌ಪ್ಯಾಟ್ರಿಕ್, ಟ್ಯಾನೆನ್‌ಬಾಮ್ ಮತ್ತು ಭಾರತ ಮೂಲದ ಪಾಠಕ್ ಎಂಬವರು ಮೆಥಾಕ್ಸಿಸೊರಾಲೆನ್ ನುಂಗಿಸಿ, ವಿಶೇಷ ದೀಪಗಳ ಕಿರಣಗಳನ್ನು ಅಳೆದು ಕೊಟ್ಟು, ಆಶ್ಚರ್ಯಕರವಾದ ಗುಣವನ್ನು ಕಂಡರು. ಈ ಚಿಕಿತ್ಸೆಗೆ ಪೂವಾ ಎಂದು ಹೆಸರಾಯಿತು. ಅದು ಬಹುಬೇಗ ಲೋಕದಲ್ಲೆಲ್ಲ ಹರಡಿತು. ಆದರೆ ಈ ಸಲ ವೈದ್ಯರು ಗುಣವಾದವರನ್ನು ಮನೆಗೆ ಕಳುಹಿಸಿ ಮರೆಯಲಿಲ್ಲ. ಅಮೆರಿಕದ 16 ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದ 1380 ರೋಗಿಗಳ ಹೆಸರುಗಳನ್ನು ಬರೆದಿಟ್ಟುಕೊಂಡು, ವರ್ಷವರ್ಷವೂ ಅವರನ್ನು ವಿಚಾರಿಸುತ್ತ ಬಂದರು. 1979ರಲ್ಲಿಯೇ ಅವರಲ್ಲಿ ಚರ್ಮದ ಅರ್ಬುದವು ಎಣಿಕೆಗಿಂತ ಹೆಚ್ಚಿರುವುದು ಪ್ರಕಟವಾಯಿತು. 1997ರಲ್ಲಿ, ಮೊದಲ ಚಿಕಿತ್ಸೆಯಿಂದ ಸುಮಾರು 15 ವರ್ಷಗಳಾದ ಮೇಲೆ, ಅರ್ಬುದಗಳಲ್ಲೆಲ್ಲ ಘೋರವಾದ ಮೆಲನೋಮವೂ ಹೆಚ್ಚುವುದೆಂದು ಕಂಡಿತು. ಎಷ್ಟು ಹೆಚ್ಚು ಸಲ ಚಿಕಿತ್ಸೆಯೋ ಅಷ್ಟು ಹೆಚ್ಚು ಅಪಾಯವೆಂಬುದೂ ಸ್ಪಷ್ಟವಾಯಿತು.

ಪ್ರಾಚೀನ ವೈದ್ಯರಿಗೆ ಈ ಅಪಾಯವು ಏಕೆ ಕಾಣಲಿಲ್ಲವೆಂದು ಕೇಳಿದರೆ, ಅವರ ಬುದ್ಧಿಯಲ್ಲಿ ಕೊರತೆಯಿದ್ದಿತೆಂದು ಹೇಳಲಾಗದು. ಬೊಬ್ಬೆಯು ಮೂರು ದಿನಗಳಲ್ಲಿ ಏಳುವುದು, ಕಣ್ಣಿಗೆ ಕಾಣುವುದು, ಅದನ್ನು ಅವರು ಕಂಡರು, ಬರೆದರು. ಅರ್ಬುದವು ಹದಿನೈದು ವರ್ಷಗಳ ಮೇಲೆ ನೂರರಲ್ಲಿ ಕೆಲವರಿಗೆ ಬರುವುದು. ಒಬ್ಬ ವೈದ್ಯನ ಕಣ್ಣಿಗಾಗಲಿ ಒಂದು ಊರಿನ ನೆನಪಿಗಾಗಲಿ ಅದು ಸಿಕ್ಕತಕ್ಕುದಲ್ಲ. ಸಾವಿರ ಜನರ ಲೆಕ್ಕವನ್ನು ತಾಳ್ಮೆಯಿಂದ ಇಟ್ಟವರಿಗೆ ಮಾತ್ರ ಸಿಕ್ಕುವುದು. ಬಹುಕಾಲದಿಂದ ಬಳಕೆಯಲ್ಲಿದೆ, ಆದುದರಿಂದ ನಿರಪಾಯ ಎಂಬ ವಾದವು ಎಲ್ಲಿ ದುರ್ಬಲವೆಂಬುದನ್ನು ಈ ಚರಿತ್ರೆಯಿಂದ ಕಲಿಯಬಹುದು. ಬೇಗನೆ ತೋರುವ ಕೇಡನ್ನು ಅನುಭವವು ಕಲಿಸುತ್ತದೆ. ತಡವಾಗಿ ಬರುವ ಕೇಡನ್ನು ಲೆಕ್ಕವೇ ಕಲಿಸಬೇಕು.

ಈ ಲೆಕ್ಕದಿಂದ ಬಳಕೆಯ ಕ್ರಮವೂ ಬದಲಾಯಿತು. ಔಷಧಿ ನುಂಗಿದವರ ಕಣ್ಣಿಗೆ ಅಂದಿಡೀ ಕಪ್ಪು ಕನ್ನಡಕ, ಗುಪ್ತಾಂಗಗಳಿಗೆ ಮರೆ, ಆಯುಷ್ಯದಲ್ಲಿ ಪಡೆದ ಕಿರಣಗಳ ಮೊತ್ತಕ್ಕೆ ಒಂದು ಮಿತಿ ಎಂಬ ನಿಯಮಗಳು ಬಂದುವು. ಸುಮಾರು 311 ನ್ಯಾನೋಮೀಟರಿನ ಇಕ್ಕಟ್ಟಾದ ಕಿರಣಪಟ್ಟಿಯನ್ನು ಯಾವ ಔಷಧಿಯೂ ಇಲ್ಲದೆ ಕೊಡುವ ದೀಪಗಳು ಆಮೇಲೆ ಬಂದುವು. 1997ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ತೊನ್ನಿಗೂ ಅದು ಒದಗುವುದೆಂದು ತೋರಿಸಿದ ಮೇಲೆ, ಸೊರಾಲೆನ್ನಿನ ಉಪಯೋಗವು ಬಹಳ ಕಡಮೆಯಾಗಿದೆ.

ಆದರೆ ನಮ್ಮ ಅಂಗಡಿಗಳಲ್ಲಿ ಬಾವಂಚಿಯ ಬೀಜವೂ ಅದರ ಎಣ್ಣೆಯೂ ಇಂದಿಗೂ ಕೇಳಿದವರಿಗೆ ದೊರೆಯುತ್ತವೆ. ಒಂದು ಬೀಜದಲ್ಲಿ ಸಾರವೆಷ್ಟು, ಇನ್ನೊಂದರಲ್ಲಿ ಎಷ್ಟು, ಆ ದಿನದ ಬಿಸಿಲೆಷ್ಟು ಎಂಬುದನ್ನು ಮನೆಯಲ್ಲಿ ಅಳೆಯುವವರಾರು? ಇಲ್ಲಿ ಇನ್ನೊಂದು ಮೋಸವುಂಟು. ಸಾಧಾರಣ ಬಿಸಿಲಿನ ಉರಿಯು ಅದೇ ದಿನ ಎಚ್ಚರಿಸುತ್ತದೆ. ಸೊರಾಲೆನ್ನಿನ ಉರಿಯು ಎರಡು ಮೂರು ದಿನಗಳ ಮೇಲೆ ಪೂರ್ತಿಯಾಗಿ ಏಳುತ್ತದೆ. ಏನೂ ಆಗಲಿಲ್ಲವೆಂದು ಮರುದಿನವೂ ಬಿಸಿಲಿಗೆ ಕೂತವನು ಮೂರನೆಯ ದಿನ ಸುಟ್ಟ ಗಾಯಗಳೊಡನೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಕಿಟಕಿಯ ಗಾಜೂ ಈ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ. ತೊನ್ನನ್ನು ಬಿಟ್ಟು ಹೇಳುವುದಾದರೂ, ಬಿಸಿಲಿನಲ್ಲಿ ಕುಳಿತು ರಾಶಿ ನಿಂಬೆಹಣ್ಣನ್ನು ಹಿಂಡಿದವರ ಕೈಯಲ್ಲಿ, ಅಂಜೂರದ ಗಿಡವನ್ನು ಸವರಿದವರ ತೋಳಿನಲ್ಲಿ ಕಂದು ಗೆರೆಗಳೆದ್ದರೆ ಬೆರಗಾಗಬೇಕಾದುದಿಲ್ಲ; ಕೈಯನ್ನು ಕೂಡಲೆ ಸಾಬೂನಿನಿಂದ ತೊಳೆದು ನೆರಳಿಗೆ ಬಂದರೆ ಸಾಕು.

ತೊನ್ನಿರುವವರು ಈ ಬೀಜವನ್ನು ಗುಟ್ಟಾಗಿ ಕೊಂಡು ಹಚ್ಚಿಕೊಳ್ಳುವುದು ಬಹುಮಟ್ಟಿಗೆ ನಮ್ಮೆಲ್ಲರ ಕಣ್ಣಿಗೆ ಅಂಜಿ. ಅವರಿಗೆ ಚರ್ಮವೈದ್ಯನ ಬಳಿಗೆ ಹೋಗಿರೆಂದು ಹೇಳುವುದು ಸುಲಭ. ಅದರೊಡನೆ ನಾವು ಮಾಡಬೇಕಾದ ಕೆಲಸವೊಂದಿದೆ. ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕೂರುವುದು, ಅವರು ಕೊಟ್ಟ ನೀರನ್ನು ಕುಡಿಯುವುದು, ಅವರ ಮನೆಯ ಮಕ್ಕಳನ್ನು ನಮ್ಮ ಮನೆಗೆ ತಂದುಕೊಳ್ಳುವುದು, ಇವಕ್ಕೆ ಯಾವ ರಸಾಯನಶಾಸ್ತ್ರವೂ ಬೇಕಾಗಿಲ್ಲ. ಆ ಅಂಜಿಕೆಯು ಕಡಮೆಯಾದಷ್ಟೂ ಬಾವಂಚಿಯ ಬೀಜವನ್ನು ಅಳತೆಯಿಲ್ಲದೆ ತೇಯುವವರೂ ಕಡಮೆಯಾದಾರು.